ಆಕಾಶ ನಮ್ಮೂರಿನದು, ಅಂಕಿ ಮಾತ್ರ ಇನ್ಯಾರದೋ

ಎರಡು ರಾತ್ರಿ ನಿದ್ದೆಗೆಟ್ಟೆ. ಸ್ನೇಹಿತನಿಂದ ಕ್ಯಾಮೆರಾ, 200 ಮಿ.ಮೀ. ಲೆನ್ಸ್ ಇಸ್ಕೊಂಡು ಹೊಲದ ಬದುವಿನ ಮೇಲೆ ನಿಂತು ಕೃತ್ತಿಕೆಯ ಫೋಟೊ ತೆಗೆದೆ. ಅದನ್ನು ಆಸ್ಟಾಪ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಕೊಟ್ಟರೆ, ಇದು ಆಕಾಶದ ಯಾವ ಭಾಗ ಅಂತ ಗೊತ್ತಾಗಲಿಲ್ಲ ಎನ್ನುವುದೊಂದೇ ಉತ್ತರ.

ಈ ಕೆಲಸಕ್ಕೆ ಪ್ಲೇಟ್ ಸಾಲ್ವಿಂಗ್ ಅಂತಾರೆ. ಹಿಂದೆ ನಕ್ಷತ್ರಗಳ ಫೋಟೊ ತೆಗೆಯುತ್ತಿದ್ದುದು ಗಾಜಿನ ಪ್ಲೇಟ್ ಮೇಲೆ, ಹೆಸರು ಹಾಗೇ ಉಳಿದಿದೆ. ಸಾಫ್ಟ್‌ವೇರ್ ಮಾಡುವುದು ನಮ್ಮೂರ ಸರ್ವೆಯವರು ಮಾಡುವ ಕೆಲಸವನ್ನೇ. ಅವರು ಬಾಂದುಕಲ್ಲುಗಳ ನಡುವಿನ ದೂರ ಅಳೆದು ನಕ್ಷೆಗೆ ಹೋಲಿಸಿ ಹೊಲ ಗುರುತಿಸುತ್ತಾರೆ. ಇದು ಅಕ್ಕಪಕ್ಕದ ನಕ್ಷತ್ರಗಳ ಅಂತರವನ್ನು ತನ್ನಲ್ಲಿರುವ ನಕ್ಷತ್ರಪಟ್ಟಿಗೆ ಹೋಲಿಸುತ್ತದೆ.

ಆದರೆ ನಕ್ಷೆಯ ಅಳತೆ ತಪ್ಪು ಹೇಳಿದರೆ ಎಂಥ ಸರ್ವೆಯವರಿಗೂ ಹೊಲ ಸಿಗುವುದಿಲ್ಲ. ನಾನು ಮಾಡಿದ್ದೂ ಅದೇ. ಯಾವುದೋ ವಿಡಿಯೊ ನೋಡಿ, ಅದರಲ್ಲಿ ಹೇಳಿದಂತೆ ಚಿತ್ರದ ಎತ್ತರ 1.2 ಡಿಗ್ರಿ ಅಂತ ತುಂಬಿದ್ದೆ. ಅವರ ಹತ್ತಿರ ಇದ್ದದ್ದು ಟೆಲಿಸ್ಕೋಪು, ನನ್ನ ಹತ್ತಿರ ಇದ್ದದ್ದು ಲೆನ್ಸು!

ಲೆಕ್ಕ ಸುಲಭ. ಕ್ಯಾಮೆರಾ ಸೆನ್ಸರಿನ ಎತ್ತರವನ್ನು 57.3ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. ಎರಡೂ ಮಿ.ಮೀ.ನಲ್ಲಿರಲಿ. ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಎತ್ತರ ಸುಮಾರು 15 ಮಿ.ಮೀ. ಹಾಗಾದರೆ ನನ್ನ ಚಿತ್ರದ ಎತ್ತರ 4.3 ಡಿಗ್ರಿ. ಜೂಮ್ ಲೆನ್ಸ್ ಆದರೆ ಫೋಟೊ ತೆಗೆದಾಗ ಎಷ್ಟಕ್ಕೆ ಇಟ್ಟಿದ್ದಿರೋ ಆ ಅಂಕಿ ಹಾಕಬೇಕು. ಫೋಟೊ ಕತ್ತರಿಸಿದರೆ ಈ ಲೆಕ್ಕ ಕೆಡುತ್ತದೆ, ಪೂರ್ತಿ ಚಿತ್ರವನ್ನೇ ಕೊಡಿ.

ಇನ್ನೆರಡು ಮಾತು. ನಕ್ಷತ್ರಪಟ್ಟಿಯನ್ನು ಬೇರೆಯಾಗಿ ಡೌನ್‌ಲೋಡ್ ಮಾಡಿ ಹಾಕಬೇಕು. ನನ್ನ ಚಿತ್ರಕ್ಕೆ ಡಿ05 ಪಟ್ಟಿ ಸಾಕಾಯಿತು, ತೀರಾ ಅಗಲವಾದ ಚಿತ್ರಕ್ಕೆ ಡಬ್ಲ್ಯು08 ಬೇಕು. ಒಮ್ಮೆ ಹಾಕಿಕೊಂಡರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ಕೆಲಸ ನಡೆಯುತ್ತದೆ. ಕ್ಯಾಮೆರಾ ಯಾವ ದಿಕ್ಕಿಗಿತ್ತು ಅಂತ ಗೊತ್ತಿಲ್ಲದಿದ್ದರೆ ಹುಡುಕುವ ವ್ಯಾಪ್ತಿ 180 ಡಿಗ್ರಿ ಇಡಿ, ಇಡೀ ಆಕಾಶ ಜಾಲಾಡುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಿನಿಂದಲೇ ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಫೋಟೊ ಹಾಕಬಹುದು. ಅದಕ್ಕೂ ಹಣವಿಲ್ಲ.

ಮೂರನೇ ರಾತ್ರಿ 4.3 ತುಂಬಿದೆ. ಕೆಲವೇ ಸೆಕೆಂಡಿನಲ್ಲಿ ಉತ್ತರ ಬಂತು.

ನನ್ನ ತಕರಾರು ಸಾಫ್ಟ್‌ವೇರ್ ಮೇಲಲ್ಲ. 'ನಾನು ಹಾಕಿದ್ದನ್ನೇ ನೀವೂ ಹಾಕಿ' ಎಂದು ಕಲಿಸುವ ರೀತಿಯ ಮೇಲೆ. ಹಾಗೆ ಕಲಿತವರು ಕ್ಯಾಮೆರಾ ಬದಲಾದ ದಿನವೇ ಸೋಲುತ್ತಾರೆ, ಇದು ನಮ್ಮಂಥವರಿಗಲ್ಲ ಅಂತ ಕೈಬಿಡುತ್ತಾರೆ. ನಗರದ ದೀಪಗಳ ನಡುವೆ ಇರುವವರು ಕತ್ತಲೆ ಹುಡುಕಿಕೊಂಡು ಊರು ಬಿಟ್ಟು ಬರಬೇಕು, ನಮಗೆ ಅದು ಹಿತ್ತಲಲ್ಲೇ ಇದೆ. ರೋಹಿಣಿ, ಮೃಗಶಿರ, ಆರಿದ್ರಾ ಅಂತ ಮಳೆ ಲೆಕ್ಕ ಇಟ್ಟ ಮನೆಗಳ ಮಕ್ಕಳಿಗೆ ಗುಣಿಸಿ ಭಾಗಿಸುವುದು ಕಷ್ಟವೇ?

ಕನ್ನಡದಲ್ಲಿ ವಿಡಿಯೊ ಮಾಡುವವರಿಗೂ ವಿಜ್ಞಾನ ಮೇಷ್ಟ್ರಿಗೂ ನನ್ನ ಕೋರಿಕೆ ಇಷ್ಟೇ: ಅಂಕಿ ಕೊಡಬೇಡಿ, ಅದು ಬರುವ ಲೆಕ್ಕ ಹೇಳಿಕೊಡಿ.