ಬೆಂಗಳೂರಲ್ಲಿ ಒಂದು ನ್ಯಾಯ, ಸಿಯೋಲ್‌ನಲ್ಲಿ ಇನ್ನೊಂದಾ? (ಭಾಗ 4)

ಮೊದಲನೇ ಫೋಟೋ ನಮ್ಮ ಹಾಸ್ಟೆಲ್ ಕ್ಯಾಂಟೀನ್ ತಟ್ಟೆ. ಅನ್ನ, ಕಿಮ್ಚಿ, ತೋಫು. ಬಂದ ಹೊಸದರಲ್ಲಿ ಮೂರು ವಾರ ಇದೇ. ಪಕ್ಕದವನಿಗೆ ಹಂದಿ ಮಾಂಸ, ನನಗೆ ಮಾತ್ರ ತೋಫು. ಮಂಡ್ಯ ಕಡೆಯವನು ಗುರು ನಾನು, ಬಾಡೂಟ ಬಿಟ್ಟವನಲ್ಲ!

ಆದದ್ದಿಷ್ಟು. ಬಡಿಸೋ ಇಮೊ (ಇಲ್ಲಿ ಊಟ ಬಡಿಸೋ ಹೆಂಗಸರನ್ನ ಹೀಗೇ ಕರೀತಾರೆ, ಚಿಕ್ಕಮ್ಮ ಅಂದಂಗೆ) ಮೊದಲ ದಿನ ಏನೋ ಕೇಳಿದ್ರು. ನಾನು ಹಲ್ಲು ಬಿಟ್ಟು "ನೇ" ಅಂದೆ. ನೇ ಅಂದ್ರೆ ಹೂಂ. ಅವರು ಕೇಳಿದ್ದು "ಗೋಗಿ ಆನ್ ಮೊಗೊಯೊ?" ಅಂತ, ಅಂದ್ರೆ ಮಾಂಸ ತಿನ್ನಲ್ವಾ? ಅದಕ್ಕೆ ಹೂಂ ಅಂದ್ರೆ ಕನ್ನಡದ ಥರಾನೇ "ಹೂಂ, ತಿನ್ನಲ್ಲ". ಪಾಪ, ಆಯಮ್ಮ ದಿನಾ ನೆನಪಿಟ್ಕೊಂಡು ನನಗೋಸ್ಕರ ತೋಫು ಎತ್ತಿಡ್ತಿದ್ರು. ಇಲ್ಲಿಯವನೇ ಆದ ರೂಮ್‌ಮೇಟ್ ಒಂದು ದಿನ ಜೊತೆಗೆ ಬಂದಾಗಲೇ ವಿಷಯ ಬಯಲಾಗಿದ್ದು.

ಈ ಕಥೆನ ನಮ್ಮ ಹುಡುಗರ ಗ್ರೂಪಲ್ಲಿ ಹೇಳಿ, ದಿನಾ ಕೊರಿಯನ್ ಓದೋಕೆ ಶುರು ಮಾಡಿದೀನಿ ಅಂದೆ. ಬಂದು ಎರಡು ವರ್ಷ ಆದ ಒಬ್ಬ ಸೀನಿಯರ್, ಕನ್ನಡದವರೇ, "ಯಾಕೋ ತಲೆ ಕೆಡಿಸ್ಕೊಳ್ತೀಯಾ, ಕ್ಲಾಸ್ ಇಂಗ್ಲಿಷಲ್ಲಿ, ಉಳಿದದ್ದಕ್ಕೆ ಫೋನಿದೆ" ಅಂದ್ರು. ಇದೇ ಅಣ್ಣ ಪ್ರತಿ ನವೆಂಬರ್ 1ಕ್ಕೆ "ಕರ್ನಾಟಕದಲ್ಲಿ ಇರಬೇಕಾ, ಕನ್ನಡ ಕಲಿ" ಅಂತ ಸ್ಟೋರಿ ಹಾಕ್ತಾರೆ. ನಾನೂ ಹಾಕಿದೀನಿ, ಹೈಲೈಟ್ಸಲ್ಲಿ ಇನ್ನೂ ಇದೆ. ತೆಗೆಯಲ್ಲ. ಆ ಮಾತು ಸರಿ ಅಂತ ನನಗೆ ಈಗಲೂ ಅನ್ಸುತ್ತೆ, ಅದಕ್ಕೇ ಆರೂವರೆಗೆ ಏಳ್ತಿರೋದು.

"ಅವರು ಬೆಂಗಳೂರಿಗೆ ಸೆಟಲ್ ಆಗೋಕೆ ಬರ್ತಾರೆ, ನಾವು ಒಂದು ವರ್ಷಕ್ಕೆ ಬಂದೋರು" ಅಂತೀರಾ? ಅವರಲ್ಲೂ ಎಷ್ಟೋ ಜನ "ಒಂದೆರಡು ವರ್ಷ ಅಷ್ಟೇ" ಅಂತಾನೇ ರೈಲು ಹತ್ತಿರ್ತಾರೆ. ಹತ್ತು ವರ್ಷ ಆದ್ಮೇಲೂ "ಸ್ವಲ್ಪ ಸ್ವಲ್ಪ ಗೊತ್ತು". ಜೊತೆಗೆ ನಮ್ಮ ಆಟೋದಣ್ಣ ಹಿಂದಿ, ತಮಿಳು, ತೆಲುಗು ಮೂರರಲ್ಲೂ ಮೀಟರ್ ಜಗಳ ಆಡಬಲ್ಲ. ಇಮೊಗೆ ಗೊತ್ತಿರೋದು ಒಂದೇ ಭಾಷೆ. ಹಾಗಾದ್ರೆ ಬಗ್ಗಬೇಕಾದ್ದು ಯಾರು? ಫೋನ್ ಅಂತೀರಾ, ನಾನು ಅದನ್ನ ತೆಗೆದು ಟೈಪ್ ಮಾಡೋಷ್ಟರಲ್ಲಿ ಹಿಂದಿನವನ ತಟ್ಟೆ ಮುಂದೆ ಬಂದಿರುತ್ತೆ.

ಇನ್ನು "ಕಷ್ಟ" ಅನ್ನೋ ನೆಪ. ರಾಜ ಸೇಜಾಂಗ್ 1446ರಲ್ಲಿ ಹೊರತಂದ ಹಂಗುಲ್ ಲಿಪಿಯಲ್ಲಿ ಮೂಲ ಅಕ್ಷರ ಬರೀ 24. ಒಂದು ಭಾನುವಾರದ ಕೆಲಸ. ಕ್ರಿಯಾಪದ ಕೊನೇಲಿ, ನಮ್ಮಂಗೇ. ಅನ್ನು, ಗೆ, ಅಲ್ಲಿ ಥರ ಪ್ರತ್ಯಯ ಪದದ ಹಿಂದೆ. ಸಾರಿಗೆ "ಗುಕ್-ಮುಲ್" ಅಂತ ಬರೆದು "ಗುಙ್‌ಮುಲ್" ಅಂತ ಓದ್ತಾರೆ. ವಾಕ್ + ಮಯ ವಾಙ್ಮಯ ಆಗೋದನ್ನ ಹೈಸ್ಕೂಲಲ್ಲಿ ಬಾಯಿಪಾಠ ಹೊಡೆದವರಿಗೆ ಇದೇನು ಹೊಸದಾ? ಇಂಗ್ಲಿಷ್ ಕಲಿಯೋಕೆ ಪಟ್ಟ ಪಾಡಿಗಿಂತ ಇದು ಎಷ್ಟೋ ವಾಸಿ. (ಅಲ್ಲೂ ಅಪ್ಪನಿಗೆ ಅಪ್ಪ, ಅಮ್ಮನಿಗೆ ಒಮ್ಮ. ಹಾಗಂತ ಕನ್ನಡ-ಕೊರಿಯನ್ ಅಕ್ಕತಂಗಿ ಅಂತ ರೀಲ್ ಮಾಡ್ಬೇಡಿ ದಯವಿಟ್ಟು, ಭಾಷಾಶಾಸ್ತ್ರದೋರು ಒಪ್ಪಲ್ಲ.)

ಕಷ್ಟ ಇಲ್ವಾ? ಇದೆ. ಚಂದ್ರ, ಮಗಳು, ಮುಖವಾಡ ಮೂರೂ ನನ್ನ ಕಿವಿಗೆ "ದಾಲ್" ಅಂತಾನೇ ಕೇಳ್ಸುತ್ತೆ. ಎಣಿಕೆ ಎರಡು ಥರ: ಮೂರೂವರೆ ಗಂಟೆ ಅನ್ನೋಕೆ ಗಂಟೆಗೆ ಒಂದು ಲೆಕ್ಕ, ನಿಮಿಷಕ್ಕೆ ಇನ್ನೊಂದು. ದುಡ್ಡನ್ನ 10,000ದ "ಮಾನ್"ನಲ್ಲಿ ಎಣಿಸ್ತಾರೆ, ನಮ್ಮ ಒಂದು ಲಕ್ಷ ಅವರಿಗೆ ಹತ್ತು ಮಾನ್. ಬಿಕಾಂ ಓದೋನು ನಾನು, ಬಾಡಿಗೆ ಅಡ್ವಾನ್ಸ್ ಕೇಳೋವಾಗ ಒಂದು ಸೊನ್ನೆ ತಪ್ಪಿಸಿದೆ.

ಅದಕ್ಕೇ ದಿನಾ ಅನ್ನೋದು. ಶುರುವಿನಲ್ಲಿ ಭಾನುವಾರ ಐದು ಗಂಟೆ ಒಟ್ಟಿಗೆ ಕೂರ್ತಿದ್ದೆ. ವರ್ಷದ ವೋಚರೆಲ್ಲ ಮಾರ್ಚ್ 31ಕ್ಕೆ ಎಂಟ್ರಿ ಮಾಡಿದಂಗೆ ಆಗ್ತಿತ್ತು, ಗುರುವಾರದ ಹೊತ್ತಿಗೆ ಯಾವುದೂ ಟ್ಯಾಲಿ ಆಗ್ತಿರ್ಲಿಲ್ಲ. ಈಗ ದಿನಕ್ಕೆ ನಲವತ್ತು ನಿಮಿಷ: ಹತ್ತು ಪದ ಕೈಲಿ ಬರೆಯೋದು, ಒಂದು ಆಡಿಯೋ ಮೂರು ಸಲ ಕೇಳೋದು, ಅವತ್ತು ಯಾರಿಗಾದ್ರೂ ಹೇಳಲೇಬೇಕಾದ ಒಂದು ವಾಕ್ಯ. ಎರಡು ತಿಂಗಳಲ್ಲಿ ನಾಲ್ಕು ದಿನ ತಪ್ಪಿದೆ, ಸುಳ್ಳು ಯಾಕೆ. ಹಾಸಿಗೇಲಿ ಮಲಗಿ ಎರಡು ನಿಮಿಷ ಬಟನ್ ಒತ್ತಿ "100 ದಿನದ ಸ್ಟ್ರೀಕ್" ಅಂತ ಸ್ಕ್ರೀನ್‌ಶಾಟ್ ಹಾಕೋರೇ, ಆ ನೂರು ದಿನದಲ್ಲಿ ಒಬ್ಬ ಮನುಷ್ಯನ ಹತ್ರ ಮಾತಾಡಿದೀರಾ ಹೇಳಿ.

ಕೊನೇ ಫೋಟೋ ನಿನ್ನೆಯ ತಟ್ಟೆ. "ಗೋಗಿ ಮೊಗೊಯೊ" ಅಂದೆ, ಇಮೊ ಬಿದ್ದು ಬಿದ್ದು ನಕ್ಕು ಎರಡು ಸೌಟು ಜಾಸ್ತಿ ಹಾಕಿದ್ರು. ಆಮೇಲೆ ಇನ್ನೇನೋ ಸರಸರ ಕೇಳಿದ್ರು. "ಒಮ್ಮ" ಅನ್ನೋದೊಂದೇ ನನಗೆ ಸಿಕ್ಕಿದ್ದು. ಈ ಸಲ "ನೇ" ಅನ್ನಲಿಲ್ಲ, ಇನ್ನೊಂದ್ಸಲ ಹೇಳಿ ಅಂದೆ. ಅಮ್ಮನಿಗೆ ಫೋನ್ ಮಾಡ್ತೀಯಾ ಅಂತ ಕೇಳ್ತಿದ್ರು. ನಾಳೆ ಬೆಳಗಿನ ನಲವತ್ತು ನಿಮಿಷ ಅದಕ್ಕೆ ಸರಿಯಾದ ಉತ್ತರ ಹೊಂದಿಸೋಕೆ.