ಒತ್ತರೆಯ ಮನೆಗೆ ನಾಲ್ಕು ಇಂಗ್ಲಿಷ್ ಮಾತು



ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಮನೆಯ ಸಾಮಾನುಗಳನ್ನು ಆಯಾ ಜಾಗದಲ್ಲಿ ಅಚ್ಚುಕಟ್ಟಾಗಿ ಇಡುವ ಕೆಲಸಕ್ಕೆ ‘ಒತ್ತರೆ ಮಾಡುವುದು’ ಎಂಬ ಸೊಗಸಾದ ಮಾತಿದೆ. ಈ ಒಂದು ಮಾತು ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳಲು ‘ಟೈಡಿ ಅಪ್’, ‘ಪುಟ್ ಅವೇ’, ‘ಅರೇಂಜ್’ ಎಂಬ ಮೂರು ಮಾತುಗಳನ್ನು ಸಂದರ್ಭ ನೋಡಿ ಆರಿಸಿಕೊಳ್ಳಬೇಕಾಗುತ್ತದೆ. ಈ ತಿಂಗಳು ಅಂತಹ ಕೆಲವು ಮಾತುಗಳನ್ನು ಕಲಿಯೋಣ.

ಕಲಿಯುವ ಅಗತ್ಯವೇನೆಂದು ಕೇಳುವವರುಂಟು. ಈ ಸೀಮೆಯ ಅನೇಕ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ದೇಶಗಳಲ್ಲಿ ನೆಲೆಸಿದ್ದಾರೆ. ರಜೆಯಲ್ಲಿ ಊರಿಗೆ ಬರುವ ಮೊಮ್ಮಕ್ಕಳು ‘ಶೆಲ್ಫ್’, ‘ಡ್ರಾಯರ್’ ಎನ್ನುವಾಗ ಅಜ್ಜಿ ಸುಮ್ಮನಾಗಿಬಿಡುತ್ತಾರೆ. ಆ ಮೌನವು ದಿನದಿಂದ ದಿನಕ್ಕೆ ಬೆಳೆದರೆ ಎರಡು ತಲೆಮಾರುಗಳ ನಡುವಣ ಮಾತೇ ಬತ್ತಿಹೋಗುವುದು. ನಮ್ಮ ಕಳವಳ ಇದೇ.

ಪರಭಾಷೆಯ ಪದಗಳು ನಮ್ಮ ಮನೆಗಳಿಗೆ ಹೊಸತೇನಲ್ಲ. ಕುಂದಾಪುರದ ಸಮೀಪದ ಬಸರೂರಿನಲ್ಲಿ 16ನೆಯ ಶತಮಾನದಲ್ಲಿಯೇ ಪೋರ್ಚುಗೀಸರು ವ್ಯಾಪಾರಕ್ಕಾಗಿ ನೆಲೆಯೂರಿದ್ದರು. ನಾವು ದಿನವೂ ಬಳಸುವ ಅಲಮಾರು, ಚಾವಿ ಎಂಬ ಪದಗಳು ಪೋರ್ಚುಗೀಸ್ ಮೂಲದವು; ಕುರ್ಚಿ ಎಂಬುದು ಅರಬ್ಬಿ ಮೂಲದ್ದು. ಅವು ಬಂದುದರಿಂದ ಕನ್ನಡ ಬಡವಾಗಲಿಲ್ಲ.

ಮೊದಲು ಮನೆಯ ಭಾಗಗಳನ್ನು ನೋಡೋಣ. ನಮ್ಮ ಅಟ್ಟವೇ ‘ಲಾಫ್ಟ್’, ಉಗ್ರಾಣವೇ ‘ಸ್ಟೋರ್ ರೂಮ್’, ಗೋಡೆಯ ನಾಗಂದಿಗೆಯೇ ‘ಶೆಲ್ಫ್’, ಎಳೆದು ತೆರೆಯುವ ಮೇಜಿನ ಖಾನೆಯೇ ‘ಡ್ರಾಯರ್’. ಕಪಾಟಿನ ಇಂಗ್ಲಿಷ್ ಹೆಸರಿನ ನಡುವೆ ‘ಪ’ಕಾರದ ಅಕ್ಷರವಿದ್ದರೂ ಅದನ್ನು ‘ಕಬರ್ಡ್’ ಎಂದೇ ಉಚ್ಚರಿಸಬೇಕು.

ಇನ್ನು ಕ್ರಿಯೆಗಳು. ‘ಪುಟ್ ಅವೇ’ ಎಂದರೆ ದೂರ ಎಸೆಯುವುದಲ್ಲ, ಅದರದರ ಜಾಗದಲ್ಲಿ ತೆಗೆದಿಡುವುದು. ‘ಥ್ರೋ ಅವೇ’ ಎಂದರೆ ಬಿಸಾಡುವುದು. ‘ಗಿವ್ ಅವೇ’ ಎಂದರೆ ಬೇಕಾದವರಿಗೆ ಕೊಟ್ಟುಬಿಡುವುದು. ಮೊದಲ ಪದವೊಂದು ಬದಲಾದರೆ ಅಜ್ಜಿಯ ಹಳೆಯ ಪಟ್ಟೆಸೀರೆ ಪೆಟ್ಟಿಗೆಗೆ ಹೋಗುವ ಬದಲು ಕಸದ ಬುಟ್ಟಿಗೆ ಹೋದೀತು! ತೆಗೆದುಕೊಂಡಲ್ಲಿಯೇ ಮರಳಿ ಇಡು ಎನ್ನಲು ‘ಪುಟ್ ಇಟ್ ಬ್ಯಾಕ್’ ಎನ್ನಬೇಕು. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಉಪಯುಕ್ತವಾದ ವಾಕ್ಯ ಬೇರೊಂದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಡಬ್ಬಿ, ಬಾಟಲಿಗಳ ಮೇಲಿನ ಬರಹ. ‘ಸ್ಟೋರ್ ಇನ್ ಎ ಕೂಲ್ ಅಂಡ್ ಡ್ರೈ ಪ್ಲೇಸ್’ ಎಂದರೆ ತಂಪಾದ, ಒಣಗಿದ ಜಾಗದಲ್ಲಿಡಿ ಎಂದರ್ಥ. ಮಳೆಗಾಲದಲ್ಲಿ ಗೋಡೆಯೇ ಬೆವರುವ ಕರಾವಳಿಯಲ್ಲಿ ಈ ಸೂಚನೆಯನ್ನು ಮರೆಯಬಾರದು. ಔಷಧವನ್ನು ಬಚ್ಚಲುಮನೆಯಲ್ಲಾಗಲಿ ಒಲೆಯ ಮೇಲಣ ಹಲಗೆಯಲ್ಲಾಗಲಿ ಇಡುವುದು ಸಲ್ಲದು. ‘ಬೆಸ್ಟ್ ಬಿಫೋರ್’ ಎಂಬ ದಿನಾಂಕ ಆಹಾರದ ರುಚಿ, ಗುಣಗಳು ಚೆನ್ನಾಗಿರುವ ಅವಧಿಯನ್ನು ಸೂಚಿಸುತ್ತದೆ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ದಿನಾಂಕ ಮೀರಿದ ವಸ್ತುವನ್ನು ಬಳಸಲೇಬಾರದು. ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’ ಎಂದಿದ್ದರೆ ಹೊರಗೆ ಹಚ್ಚಲು ಮಾತ್ರ, ಕುಡಿಯಲು ಅಲ್ಲ. ‘ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್’ ಎಂದರೆ ಮಕ್ಕಳ ಕೈಗೆಟುಕದಂತೆ ಇಡಿ. ತೋಟಕ್ಕೆ ಸಿಂಪಡಿಸುವ ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತಿರುತ್ತದೆ: ಕೆಂಪು ಅತಿ ಘೋರ ವಿಷ, ಬಳಿಕ ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆ ಇಳಿಯುತ್ತದೆ. ಹಸಿರಿದ್ದರೂ ಅದು ಅಡುಗೆಮನೆಗೆ ಬರತಕ್ಕದ್ದಲ್ಲ. ಈ ಐದಾರು ಸಾಲುಗಳನ್ನು ಓದಬಲ್ಲ ಗೃಹಿಣಿಯು ಒಂದು ಜೀವವನ್ನೇ ಉಳಿಸಬಲ್ಲಳು.

ಆದರೆ ಕಲಿಕೆ ಒಮ್ಮುಖವಾಗಬಾರದು. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ‘ಮುಡಿ’ಗೆ, ಭತ್ತ ತುಂಬುವ ‘ತಿರಿ’ಗೆ, ಹಿರಿಯರು ಕುಳಿತು ನ್ಯಾಯ ಹೇಳುತ್ತಿದ್ದ ‘ಚಾವಡಿ’ಗೆ ಸರಿಸಮನಾದ ಇಂಗ್ಲಿಷ್ ಪದವಿಲ್ಲ. ಅವನ್ನು ಮೊಮ್ಮಕ್ಕಳಿಗೆ ಇದ್ದ ಹಾಗೆಯೇ ಕಲಿಸಬೇಕು. ಪಂಜು ಗಂಗೊಳ್ಳಿಯವರು ಕುಂದಾಪ್ರ ಕನ್ನಡದ ಪದಗಳನ್ನು ಕಲೆಹಾಕಿ ನಿಘಂಟನ್ನೇ ರೂಪಿಸಿಕೊಟ್ಟಿರುವಾಗ ನಾವು ನಮ್ಮ ಮನೆಯ ಹತ್ತು ಪದಗಳನ್ನಾದರೂ ಉಳಿಸಿಕೊಳ್ಳದಿದ್ದರೆ ಹೇಗೆ?

ಈ ತಿಂಗಳ ಅಭ್ಯಾಸ ಇಷ್ಟೇ. ಉಗ್ರಾಣದ ಹತ್ತು ಡಬ್ಬಿಗಳಿಗೆ ಚೀಟಿ ಅಂಟಿಸಿ. ಮೊಮ್ಮಗು ಇಂಗ್ಲಿಷಿನಲ್ಲಿ ಬರೆಯಲಿ, ಅಜ್ಜಿ ಕನ್ನಡದಲ್ಲಿ ಬರೆಯಲಿ. ಇಬ್ಬರೂ ಒಬ್ಬರ ಸಾಲನ್ನು ಮತ್ತೊಬ್ಬರು ಗಟ್ಟಿಯಾಗಿ ಓದಲಿ. ಮನೆಯೂ ಒತ್ತರೆಯಾಗುವುದು, ಮಾತೂ ಬೆಳೆಯುವುದು.