ಹೆಸರನ್ನು ನೋಡಬೇಕೋ, ಕೆಲಸವನ್ನು ನೋಡಬೇಕೋ?

ಹೆಣ್ಣುಮಕ್ಕಳಿಗೆ ವಿದ್ಯೆಯು ಬೇಕೇ ಬೇಡವೇ ಎಂಬ ಚರ್ಚೆಯು ನಮ್ಮ ಸೀಮೆಯಲ್ಲಿ ಮುಗಿದು ಬಹುಕಾಲವಾಯಿತು. ಕಪಿಲೆಯ ಎರಡು ದಡಗಳ ಗ್ರಾಮಗಳಿಂದಲೂ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಒಳನಾಡಿನಿಂದಲೂ ಬಾಲಿಕೆಯರು ಹೈಸ್ಕೂಲನ್ನು ದಾಟಿ, ಕಾಲೇಜನ್ನು ದಾಟಿ, ಇಂಜಿನಿಯರಿಂಗ್ ಪದವಿಯನ್ನು ಪಡೆದು ಬರುತ್ತಿರುವರು. ಇದಕ್ಕಾಗಿ ದೂರ ಹೋಗಬೇಕಾದುದೂ ಇಲ್ಲ. ಮೈಸೂರಿನಲ್ಲಿ 1946ರಿಂದಲೇ ಒಂದು ಇಂಜಿನಿಯರಿಂಗ್ ವಿದ್ಯಾಸಂಸ್ಥೆಯುಂಟು. ಸುತ್ತೂರಿನ ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1963ರಲ್ಲಿ ಅದೇ ನಗರದಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಆದುದರಿಂದ ಈಗ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯೇ ಬೇರೆ. ಮಗಳು ಪರದೇಶಕ್ಕೆ ಹೋಗಿ ಮಾಸ್ಟರ್ ಪದವಿಯನ್ನು ಪಡೆಯಬೇಕೆನ್ನುವಳು; ಮೂರು ನಾಲ್ಕು ವಿಶ್ವವಿದ್ಯಾನಿಲಯಗಳಿಂದ ಒಪ್ಪಿಗೆಯ ಪತ್ರಗಳು ಬಂದಿರುವುವು; ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಈ ವಿಷಯದಲ್ಲಿ ನನಗೆ ತೋರಿದ ಕೆಲವು ಮಾತುಗಳನ್ನು ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರ ಮುಂದೆಯೂ, ಮಾನ್ಯರಾದ ತಂದೆತಾಯಿಗಳ ಮುಂದೆಯೂ ಇಡಲು ಅಪ್ಪಣೆಯಾಗಬೇಕು.

ನಮ್ಮಲ್ಲಿ ಈ ಆಯ್ಕೆಯು ನಡೆಯುವ ಕ್ರಮವನ್ನು ನೋಡಿರಿ. ಮೊದಲು ಶ್ರೇಯಾಂಕದ ಪಟ್ಟಿಯನ್ನು ತೆಗೆದು ಯಾವ ಹೆಸರು ಮೇಲಿದೆಯೆಂದು ನೋಡುವರು. ಅನಂತರ ಆ ಊರಿನಲ್ಲಿ ನಮ್ಮ ಕಡೆಯವರು ಯಾರಾದರೂ ಇರುವರೇ ಎಂದು ವಿಚಾರಿಸುವರು. ಕಡೆಗೆ, ಪಕ್ಕದ ಬೀದಿಯವರ ಮಗನು ಹೋದ ಸ್ಥಳವಾದರೆ ನಿಶ್ಚಿಂತೆಯೆಂದು ತೀರ್ಮಾನಿಸುವರು. ಮಗಳು ಕಲಿಯಬೇಕೆಂದಿರುವುದು ಏನು, ಅದನ್ನು ಅಲ್ಲಿ ಕಲಿಸುವವರು ಯಾರು, ಕಲಿತುದನ್ನು ಕೈಯಿಂದ ಮಾಡಿನೋಡಲು ಅನುಕೂಲವುಂಟೇ ಎಂದು ಕೇಳುವವರು ವಿರಳ. ಸುತ್ತೂರಿನ ಜಾತ್ರೆಯಲ್ಲಿ ಜೋಡೆತ್ತು ಕೊಳ್ಳಲು ಹೋದ ರೈತನು ಹಲ್ಲು ಹಿಡಿದು ನೋಡುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಸಿ ನೋಡುವನು; ಕೊಂಬಿಗೆ ಕಟ್ಟಿದ ಗೊಂಡೆಯನ್ನು ನೋಡಿ ಹಣವನ್ನು ಎಣಿಸುವುದಿಲ್ಲ. ಎತ್ತಿನ ವ್ಯಾಪಾರದಲ್ಲಿರುವ ಈ ವಿವೇಕವು ಮಗಳ ವಿದ್ಯೆಯ ವಿಷಯದಲ್ಲಿ ಎಲ್ಲಿ ಅಡಗಿಹೋಗುವುದೋ ತಿಳಿಯದು!

ಈ ಪ್ರಶ್ನೆಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಇದಕ್ಕೆ ಉತ್ತರ ಕೊಟ್ಟ ಮೊದಲಿಗರಲ್ಲಿ ಒಬ್ಬರು ನಮ್ಮ ನಂಜನಗೂಡಿನಲ್ಲಿಯೇ ಹುಟ್ಟಿದವರು. ಶ್ರೀಮತಿ ರಾಜೇಶ್ವರಿ ಚಟರ್ಜಿಯವರು 1922ರ ಜನವರಿಯಲ್ಲಿ ಅಲ್ಲಿ ಜನಿಸಿದರು, ತಂದೆಯವರು ವಕೀಲರು, ಅಜ್ಜಿ ಶ್ರೀಮತಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ವಿಧವೆಯರ ಮತ್ತು ಪತಿಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್ಸಿ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ಗಳಿಸಿದರು. ಅನಂತರ ಭಾರತೀಯ ವಿಜ್ಞಾನ ಮಂದಿರದ ವಿದ್ಯುತ್ ಶಾಖೆಯಲ್ಲಿ ಸಂಶೋಧನೆಗೆ ಸೇರಿದರು. 1946ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನವು ದೊರೆಯಿತು. 1947ರ ಜುಲೈ ತಿಂಗಳಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಒಂದು ತಿಂಗಳಿರುವಾಗ, ಯುದ್ಧದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಮೆರೀನ್ ಆಡರ್ ಎಂಬ ಹಡಗನ್ನು ಹತ್ತಿ, ಮೂವತ್ತು ದಿನ ಸಮುದ್ರದ ಮೇಲಿದ್ದು, ಅಮೆರಿಕಾ ದೇಶವನ್ನು ತಲಪಿದರು. ಸೇರಿದ್ದು ಆನ್ ಆರ್ಬರ್ ಪಟ್ಟಣದ ಮಿಚಿಗನ್ ವಿಶ್ವವಿದ್ಯಾನಿಲಯ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಕೆಲವುಂಟು. ಆಕೆಯು ಹಡಗನ್ನು ಹತ್ತುವಾಗಲೇ ತನ್ನ ವಿಷಯವೇನೆಂಬುದನ್ನು ಬಲ್ಲವರಾಗಿದ್ದರು. ವಿಜ್ಞಾನ ಮಂದಿರದಲ್ಲಿ ಕೆಲವು ವರುಷ ಕೈಯಾರೆ ಕೆಲಸ ಮಾಡಿದ್ದರು. ವಿದ್ಯಾರ್ಥಿವೇತನವೂ ಎಲೆಕ್ಟ್ರಾನಿಕ್ಸ್ ವಿಷಯಕ್ಕೆಂದೇ ದೊರೆತುದು. ಮಿಚಿಗನ್ನಿನಲ್ಲಿ ಆ ವಿಷಯಕ್ಕೆ ಗುರುಗಳಿದ್ದರು. ಮುಂದೆ ಆಕೆಗೆ ಡಾಕ್ಟರ್ ಪದವಿಯ ಮಾರ್ಗದರ್ಶಕರಾದ ವಿಲಿಯಂ ಗೌಲ್ಡ್ ಡೌ ಎಂಬ ಪ್ರೊಫೆಸರು 1937ರಲ್ಲಿಯೇ ಇಂಜಿನಿಯರಿಂಗ್ ಎಲೆಕ್ಟ್ರಾನಿಕ್ಸಿನ ಮೂಲತತ್ತ್ವಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ್ದವರು. ಮಾಸ್ಟರ್ ಪದವಿಯಾದ ಮೇಲೆ, ಸರ್ಕಾರದೊಡನೆ ಆಗಿದ್ದ ಕರಾರಿನಂತೆ, ವಾಷಿಂಗ್ಟನ್ನಿನ ರಾಷ್ಟ್ರೀಯ ಪ್ರಮಾಣ ಸಂಸ್ಥೆಯಲ್ಲಿ ರೇಡಿಯೋ ತರಂಗಗಳ ಅಳತೆಯ ವಿಭಾಗದಲ್ಲಿ ಎಂಟು ತಿಂಗಳ ಪ್ರಾಯೋಗಿಕ ಶಿಕ್ಷಣವನ್ನು ಪಡೆದರು. ಪುಸ್ತಕದಲ್ಲಿ ಓದಿದ ತರಂಗವನ್ನು ಉಪಕರಣದಲ್ಲಿ ಅಳೆದು ನೋಡಿದ ಆ ಎಂಟು ತಿಂಗಳುಗಳಿಗೆ ನಾನು ಪದವಿಪತ್ರದಷ್ಟೇ ಬೆಲೆಯನ್ನು ಕಟ್ಟುತ್ತೇನೆ.

ಇದಕ್ಕೂ ಮಿಗಿಲಾದ ಇನ್ನೊಂದು ಸಂಗತಿಯಿದೆ. ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಏಷ್ಯಾ ಖಂಡದ ಸ್ತ್ರೀಯರಿಗೆಂದೇ ಮೀಸಲಾದ ಒಂದು ನಿಧಿಯಿತ್ತು. ಆ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯಲ್ಲಿದ್ದ ಲೀವೈ ಬಾರ್ಬರ್ ಎಂಬ ಮಹನೀಯರು ಪೂರ್ವದೇಶಗಳ ಪ್ರವಾಸದಿಂದ ಹಿಂದಿರುಗಿದ ಮೇಲೆ, 1917ರಲ್ಲಿ ಇದನ್ನು ಏರ್ಪಡಿಸಿದರು. ಮದರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬೋಧಿಸುತ್ತಿದ್ದ ತಲಚೇರಿಯ ಜಾನಕಿ ಅಮ್ಮಾಳ್ ಅವರು ಈ ನಿಧಿಯ ನೆರವಿನಿಂದಲೇ ಅಲ್ಲಿ ಸಸ್ಯಶಾಸ್ತ್ರವನ್ನು ಓದಿ 1931ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಿದ್ದರು. ಅದೇ ನಿಧಿಯಿಂದ ರಾಜೇಶ್ವರಿಯವರು 1949ರಲ್ಲಿ ಮಿಚಿಗನ್ನಿಗೆ ಹಿಂದಿರುಗಿ, 1953ರ ಆದಿಯಲ್ಲಿ ಪಿಎಚ್.ಡಿ. ಪದವಿಯನ್ನು ಪಡೆದರು. ಸರ್ಕಾರದ ವೇತನವು ಮುಗಿದ ಕಡೆ ವಿಶ್ವವಿದ್ಯಾನಿಲಯದ ವೇತನವು ಕೈಹಿಡಿಯಿತು. ಈ ಬಗೆಯ ಬಾಗಿಲು ಎಲ್ಲಿ ಉಂಟು, ಎಲ್ಲಿ ಇಲ್ಲ ಎಂಬುದು ಯಾವ ಶ್ರೇಯಾಂಕದ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಆ ಪಟ್ಟಿಗಳ ವಿಷಯವಾಗಿ ಒಂದು ಮಾತು. ನಮ್ಮವರು ಬಹಳವಾಗಿ ಆಶ್ರಯಿಸುವ ಕ್ಯೂ.ಎಸ್. ಪಟ್ಟಿಯಲ್ಲಿ ವಿದ್ವಾಂಸರ ನಡುವೆ ಇರುವ ಖ್ಯಾತಿಗೆ ಬಹುಕಾಲ ನೂರಕ್ಕೆ 40 ಅಂಶ ಸಲ್ಲುತ್ತಿತ್ತು. 2024ರ ಪಟ್ಟಿಯಿಂದ ಅದನ್ನು 30ಕ್ಕೆ ಇಳಿಸಿದರು. ಅಳತೆಗೋಲನ್ನು ಬದಲಾಯಿಸಿದೊಡನೆ ವಿಶ್ವವಿದ್ಯಾನಿಲಯಗಳು ಏರಿದುವು, ಇಳಿದುವು. ಅಲ್ಲಿನ ಪ್ರಯೋಗಶಾಲೆಗಳೇನೂ ಬದಲಾಗಲಿಲ್ಲ. ಆ ಪಟ್ಟಿಯು ಇಡೀ ವಿಶ್ವವಿದ್ಯಾನಿಲಯವನ್ನು ಅಳೆಯುವುದು. ನಮ್ಮ ಹುಡುಗಿಯಾದರೋ ಅದರ ಒಂದು ಶಾಖೆಯ ಒಂದು ಮೂಲೆಯಲ್ಲಿ ಕೂತು ಓದುವವಳು. ಹೆಸರಿಗೆ ಬೆಲೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಕೊಡುವವರು ಹೆಸರನ್ನು ಕೇಳಿಯೇ ಕೇಳುವರು. ಎರಡು ಸ್ಥಳಗಳು ಮಿಕ್ಕ ಎಲ್ಲದರಲ್ಲಿಯೂ ಸಮವಾಗಿದ್ದರೆ ಹೆಸರಿನ ಕಡೆಗೆ ವಾಲಲಿ. ಆದರೆ ಮಿಕ್ಕುದನ್ನು ನೋಡದೆಯೇ ಹೆಸರನ್ನು ಕೊಳ್ಳುವುದು ಬೇರೆ.

ಏಕೆಂದರೆ ಹೆಸರಿಗೆ ಕೊಡುವ ಬೆಲೆಯು ಸಾಲದ ರೂಪದಲ್ಲಿ ಮನೆಗೆ ಬರುವುದು. ಈ ಪ್ರಕರಣವನ್ನು ಕುರಿತು ನಮ್ಮವರು ಸಂಕೋಚದಿಂದ ಮಾತನಾಡುವುದನ್ನೇ ಬಿಟ್ಟಿರುವರಾದುದರಿಂದ, ನಾನು ಸ್ವಲ್ಪ ಬಿಚ್ಚಿ ಹೇಳುತ್ತೇನೆ. 40 ಲಕ್ಷ ರೂಪಾಯಿ ಸಾಲವೆಂದು ಇಟ್ಟುಕೊಳ್ಳಿರಿ. ನೂರಕ್ಕೆ 10ರಂತೆ ಬಡ್ಡಿಯಾದರೆ ವರುಷಕ್ಕೆ 4 ಲಕ್ಷ. ತಿಂಗಳಿಗೆ 33,000ಕ್ಕೂ ಮೇಲೆ ಬಡ್ಡಿಯೊಂದೇ. ಓದುವ ಎರಡು ವರುಷಗಳಲ್ಲಿ ಬಡ್ಡಿಯನ್ನು ಕಟ್ಟದೆ ಹೋದರೆ ಅಸಲಿನೊಡನೆ ಅದೂ ಸೇರುವುದು. ಹಾಗೆ ಸೇರದೆ 40 ಲಕ್ಷವೇ ಉಳಿದಿದ್ದರೂ, 10 ವರುಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 53,000 ರೂಪಾಯಿ. ಇದು ಡಾಲರಿನ ಸಂಬಳಕ್ಕೆ ಹಗುರ. ಮೈಸೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವಳ ಸಂಬಳಕ್ಕೆ ಬೆಟ್ಟ. ಇದಲ್ಲದೆ, ದೊಡ್ಡ ಸಾಲಕ್ಕೆ ಬ್ಯಾಂಕುಗಳು ಒತ್ತೆಯನ್ನು ಕೇಳುವುವು. ವ್ಯವಸಾಯದ ಜಮೀನನ್ನು ಅನೇಕ ಬ್ಯಾಂಕುಗಳು ಒತ್ತೆಯಾಗಿ ಒಪ್ಪುವುದಿಲ್ಲ. ನಾಲೆಯ ನೀರಿನ ಒಳ್ಳೆಯ ಗದ್ದೆಯಿದ್ದರೂ ನಮ್ಮ ಒಕ್ಕಲಿಗನು ಮನೆಯ ಪತ್ರವನ್ನು ಇಡಬೇಕು, ಇಲ್ಲವೇ ಒಡವೆಯನ್ನು ಅಡವಿಡಬೇಕು, ಇಲ್ಲವೇ ಕೈಸಾಲಕ್ಕೆ ತಿರುಗಬೇಕು.

ಇಂತಹ ಸಾಲವನ್ನು ಹೊತ್ತು ಹೋದ ಹುಡುಗಿಯು ಸ್ವತಂತ್ರಳೇ? ಅವಳು ಇಷ್ಟಪಟ್ಟ ಕೆಲಸವನ್ನಲ್ಲ, ಮೊದಲು ದೊರೆತ ಕೆಲಸವನ್ನು ಹಿಡಿಯಬೇಕು. ಇನ್ನೂ ಓದಬೇಕೆಂಬ ಆಸೆ ಹುಟ್ಟಿದರೆ ಅದನ್ನು ಅದುಮಬೇಕು. ತಾಯಿಗೆ ಕಾಯಿಲೆಯಾದರೆ ಬರಲಾರಳು. ಮದುವೆಯ ಮಾತು ಬಂದಾಗ, ಸಾಲವನ್ನು ಯಾರು ತೀರಿಸುವರೆಂಬ ಪ್ರಶ್ನೆಯನ್ನು ಗಂಡಿನ ಕಡೆಯವರು ಎತ್ತುವರು. ಅವಳ ವಿದ್ಯೆಯೇ ಅವಳಿಗೆ ಕುಂದಾಗಿ ನಿಲ್ಲುವುದು. ರಾಜೇಶ್ವರಿಯವರು ಎರಡು ವಿದ್ಯಾರ್ಥಿವೇತನಗಳ ಬಲದಿಂದ ಓದಿದವರು. 1953ರಲ್ಲಿ ಹಿಂದಿರುಗಿ ಬಂದು ವಿಜ್ಞಾನ ಮಂದಿರದಲ್ಲಿಯೇ ಅಧ್ಯಾಪಕರಾದರು. ಪತಿ ಶ್ರೀ ಶಿಶಿರಕುಮಾರ ಚಟರ್ಜಿಯವರೊಡನೆ ಮೈಕ್ರೋವೇವ್ ಎಂಬ ಸೂಕ್ಷ್ಮ ತರಂಗಗಳ ಸಂಶೋಧನಾಲಯವನ್ನು ಕಟ್ಟಿದರು. 20 ಮಂದಿಗೆ ಡಾಕ್ಟರ್ ಪದವಿಯ ಮಾರ್ಗದರ್ಶನ ಮಾಡಿ 1982ರಲ್ಲಿ ನಿವೃತ್ತರಾದರು. 2010ರಲ್ಲಿ ತೀರಿಕೊಳ್ಳುವವರೆಗೂ ಸ್ತ್ರೀಯರ ಅಧ್ಯಯನ ಮತ್ತು ವಿಜ್ಞಾನಗಳ ಕಡೆಗೆ ಅವರ ಮನಸ್ಸು ಹರಿಯುತ್ತಿತ್ತು. ತಿಂಗಳ ಕಂತಿನ ಚಿಂತೆಯಿದ್ದ ಹೆಣ್ಣುಮಗಳಿಗೆ ಅಂದಿನ ಅಧ್ಯಾಪಕರ ಸಂಬಳವು ಸಾಕಾಗುತ್ತಿತ್ತೆ?

ಆದಕಾರಣ ನನ್ನ ಅಭಿಪ್ರಾಯವು ಇಷ್ಟು. ಪ್ರಸಿದ್ಧವಾದ ಸ್ಥಳದಿಂದ ಬರಿಯ ಒಪ್ಪಿಗೆಯೂ, ಅಷ್ಟು ಪ್ರಸಿದ್ಧವಲ್ಲದ ಸ್ಥಳದಿಂದ ಶುಲ್ಕದ ಮಾಫಿ ಅಥವಾ ಸಹಾಯಕಳ ಕೆಲಸದೊಡನೆ ಒಪ್ಪಿಗೆಯೂ ಬಂದಿದ್ದು, ಎರಡನೆಯ ಕಡೆ ಅವಳ ವಿಷಯಕ್ಕೆ ತಕ್ಕ ಪ್ರಯೋಗಶಾಲೆಯಿದ್ದರೆ, ಎರಡನೆಯದನ್ನೇ ಹಿಡಿಯಬೇಕು. ಸಾಲವು ಬೇಕೇ ಬೇಕಾದರೆ, ಮಗಳು ನಾಳೆ ನಮ್ಮ ನಾಡಿಗೇ ಹಿಂದಿರುಗಿದರೂ ಇಲ್ಲಿಯ ಸಂಬಳದಿಂದ ತೀರಿಸಬಹುದಾದಷ್ಟನ್ನು ಮಾತ್ರ ಮಾಡಬೇಕು. ವೇತನಗಳನ್ನು ಹುಡುಕುವ ಶ್ರಮವನ್ನು ನಮ್ಮವರು ಪಡುವುದೇ ಇಲ್ಲವೆಂಬುದು ನನ್ನ ದೂರು. ಜೆಮ್ಷೆಡ್ಜಿ ಟಾಟಾರವರು 1892ರಲ್ಲಿ ಇಟ್ಟ ನಿಧಿಯು ಇಂದಿಗೂ ಪರದೇಶ ವ್ಯಾಸಂಗಕ್ಕೆ ಸಾಲವೇತನವನ್ನು ಕೊಡುತ್ತಿದೆ. ಪರಿಶಿಷ್ಟ ಜಾತಿಯವರೇ ಮೊದಲಾದವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವುಂಟು, ಅದರಲ್ಲಿ ನೂರಕ್ಕೆ 30 ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲು.

ಇನ್ನು ದೇಶಗಳ ವಿಚಾರ. ಜರ್ಮನಿಯಲ್ಲಿ ಓದು ಧರ್ಮಾರ್ಥವೆಂಬ ಮಾತು ಊರೆಲ್ಲಾ ಹಬ್ಬಿದೆ. ಸರ್ಕಾರಿ ವಿಶ್ವವಿದ್ಯಾನಿಲಯಗಳ ಮಟ್ಟಿಗೆ ಇದು ಬಹುಮಟ್ಟಿಗೆ ದಿಟ. ಆದರೆ ಬಾಡೆನ್-ವ್ಯೂರ್ಟೆಂಬೆರ್ಗ್ ಪ್ರಾಂತವು 2017ರಿಂದ ಹೊರನಾಡಿನವರಿಗೆ ಅರ್ಧ ವರುಷಕ್ಕೆ 1,500 ಯೂರೋ ಶುಲ್ಕವನ್ನು ವಿಧಿಸಿತು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯವು 2024ರಿಂದ ಅದಕ್ಕಿಂತಲೂ ಹೆಚ್ಚಿನ ಶುಲ್ಕವನ್ನು ತೊಡಗಿತು. ಶುಲ್ಕವಿಲ್ಲದಿದ್ದರೂ ಊಟವಸತಿಗಳಿಗೆ ವರುಷದ ಹಣವನ್ನು ಮೊದಲೇ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೋ ಎಂದು ಗೊತ್ತುಮಾಡಿದರು. ಪಾಠವು ಇಂಗ್ಲಿಷಿನಲ್ಲಿ ನಡೆದರೂ ಕಾರ್ಖಾನೆಯ ಮಾತು ಜರ್ಮನ್ ಭಾಷೆಯೇ. ಅದನ್ನು ಇಲ್ಲಿಯೇ ಕಲಿಯಲು ಆರಂಭಿಸದ ಹುಡುಗಿಯು ಅಲ್ಲಿ ಕಷ್ಟಪಡುವಳು. ಬ್ರಿಟನ್ನಿನ ಮಾಸ್ಟರ್ ಪದವಿಯು ಸಾಮಾನ್ಯವಾಗಿ ಒಂದೇ ವರುಷದ್ದು: ಖರ್ಚು ಕಡಮೆ, ಪ್ರಯೋಗಶಾಲೆಯಲ್ಲಿ ನೆಲೆ ನಿಲ್ಲುವ ಕಾಲವೂ ಕಡಮೆ. ಓದಿದ ಮೇಲೆ ಎರಡು ವರುಷ ಅಲ್ಲಿ ಉಳಿಯಬಹುದೆಂದು 2021ರಲ್ಲಿ ಮಾಡಿದ ನಿಯಮವನ್ನು, 2027ರ ಜನವರಿಯಿಂದ ಹದಿನೆಂಟು ತಿಂಗಳಿಗೆ ಇಳಿಸುವುದಾಗಿ 2025ರಲ್ಲಿ ಸಾರಿದರು. ಅಮೆರಿಕಾದಲ್ಲಿ 2016ರ ನಿಯಮವು ಇಂಜಿನಿಯರಿಂಗ್ ಓದಿದವರಿಗೆ ಹನ್ನೆರಡು ತಿಂಗಳ ಪ್ರಾಯೋಗಿಕ ಕೆಲಸದ ಮೇಲೆ ಇನ್ನೂ ಇಪ್ಪತ್ತನಾಲ್ಕು ತಿಂಗಳನ್ನು ಕೊಟ್ಟಿತು. ಈ ನಿಯಮಗಳನ್ನು ಮಾಡುವವರು ನಮ್ಮವರಲ್ಲ. ಹುಡುಗಿಯು ಓದಿ ಮುಗಿಸುವುದರೊಳಗೆ ಅವು ಹೀಗೆಯೇ ಇರುವುವೆಂದು ನೆಚ್ಚಿ ಮನೆಯನ್ನು ಒತ್ತೆಯಿಡುವುದು ಮಳೆಯನ್ನು ನೆಚ್ಚಿ ಬಿತ್ತನೆಯ ಬೀಜವನ್ನೂ ಉಂಡಂತೆ.

ಆ ಊರಿನಲ್ಲಿ ಬಂಧುಗಳಿರಬೇಕೆಂಬ ತಂದೆತಾಯಿಗಳ ಆಸೆಯನ್ನು ನಾನು ಹಾಸ್ಯ ಮಾಡುವುದಿಲ್ಲ. ಮಗಳನ್ನು ಕಡಲಾಚೆಗೆ ಕಳುಹಿಸಿದ ತಾಯಿಗೆ ನಿದ್ರೆ ಬರುವುದು ಸುಲಭವಲ್ಲ. ಆದರೆ ಅಮೆರಿಕಾದಲ್ಲಿ ನೂರು ಮೈಲಿಯಾಚೆ ಇರುವ ಚಿಕ್ಕಪ್ಪನು, ಹುಡುಗಿಗೆ ರಾತ್ರಿ ಜ್ವರ ಬಂದರೆ ಒದಗುವನೇ? ಒದಗುವವರು ಅವಳ ವಸತಿಗೃಹದ ಗೆಳತಿಯರು. ಆದುದರಿಂದ ವಿಚಾರಿಸಬೇಕಾದುದು ವಸತಿಯ ಏರ್ಪಾಡನ್ನು, ಪ್ರಯೋಗಶಾಲೆಯಿಂದ ತಡರಾತ್ರಿ ಹಿಂದಿರುಗುವ ದಾರಿಯನ್ನು, ವೈದ್ಯದ ವಿಮೆಯನ್ನು. ಇವೇ ಪ್ರಶ್ನೆಗಳನ್ನು ಮಗನ ವಿಷಯದಲ್ಲಿಯೂ ಕೇಳಿದರೆ ತಪ್ಪಿಲ್ಲ. ಮಗನಿಗಾದರೆ ವಿಶ್ವವಿದ್ಯಾನಿಲಯವನ್ನು ಆರಿಸಿ, ಮಗಳಿಗಾದರೆ ಚಿಕ್ಕಪ್ಪನ ಊರನ್ನು ಆರಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಮುಖ್ಯವಾಗಿ, ಈ ವಿಚಾರಣೆಯನ್ನು ಮಾಡಬೇಕಾದವಳು ಹುಡುಗಿಯೇ. ದಲ್ಲಾಳಿಯ ಕಛೇರಿಯೂ ಅಲ್ಲ, ಸೋದರಮಾವನೂ ಅಲ್ಲ. ಎಷ್ಟೋ ದಲ್ಲಾಳಿಗಳಿಗೆ ವಿಶ್ವವಿದ್ಯಾನಿಲಯಗಳೇ ದಲ್ಲಾಳಿ ಹಣವನ್ನು ಕೊಡುವುವು ಎಂಬುದನ್ನು ತಂದೆಯಂದಿರು ನೆನಪಿನಲ್ಲಿಡಬೇಕು. ಅವಳು ಆ ಶಾಖೆಯಲ್ಲಿ ಈಗ ಓದುತ್ತಿರುವ ಇಬ್ಬರು ಮೂವರಿಗೆ ಪತ್ರ ಬರೆಯಲಿ: ಯಾವ ಪ್ರೊಫೆಸರು ಮಾಸ್ಟರ್ ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಗೆ ಸೇರಿಸಿಕೊಳ್ಳುವರು? ಪ್ರಬಂಧವನ್ನು ಬರೆಯಲು ಅವಕಾಶವುಂಟೇ, ಪರೀಕ್ಷೆಗಳು ಮಾತ್ರವೇ? ಕೋಣೆಯ ಬಾಡಿಗೆ ಎಷ್ಟು? ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಹೊರದೇಶಗಳಲ್ಲಿ ಓದಿದವರು ಈ ಮೂರು ಪ್ರಶ್ನೆಗಳಿಗೆ ತಮ್ಮ ಉತ್ತರಗಳನ್ನು ಒಂದೊಂದು ಹಾಳೆಯಲ್ಲಿ ಬರೆದು ಶಾಲೆಗೆ ಕಳುಹಿಸಿದರೆ, ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಅಂಟಿಸಿ ವಾಚನಾಲಯದಲ್ಲಿ ಇಡಬಹುದು. ಪಟ್ಟಿಗಳಿಗಿಂತ ಆ ಪುಸ್ತಕವನ್ನೇ ನಾನು ಹೆಚ್ಚಾಗಿ ನಂಬುವೆನು.

ಕಾಲದ ವಿಷಯವಾಗಿ ಒಂದು ಸೂಚನೆ. ಅಮೆರಿಕಾದ ಅರ್ಜಿಗಳು ಬಹುಮಟ್ಟಿಗೆ ಡಿಸೆಂಬರ್ ಜನವರಿಗಳಲ್ಲಿ ಮುಗಿಯುವುವು. ಪತ್ರವ್ಯವಹಾರವು ಅದಕ್ಕೆ ಮುಂಚಿನ ಬೇಸಗೆಯಲ್ಲಿಯೇ ಆಗಬೇಕು. ಜರ್ಮನಿಗೆ ಹೋಗುವವರಿಗೆ 2022ರ ನವೆಂಬರಿನಿಂದ ದಿಲ್ಲಿಯ ಎ.ಪಿ.ಎಸ್. ಕಚೇರಿಯ ಪ್ರಮಾಣಪತ್ರವು ಕಡ್ಡಾಯವಾಯಿತು. ಅದಕ್ಕೆ ವಾರಗಳು ಹಿಡಿಯುವುದುಂಟು. ಒಪ್ಪಿಗೆ ಬಂದೊಡನೆ ಮುಂಗಡವನ್ನು ಕಟ್ಟಲು ಅವಸರಪಡಿಸುವವರು ಅನೇಕರು. ಆದರೆ ಅಮೆರಿಕಾದ ಬಹುಸಂಖ್ಯಾಕ ವಿಶ್ವವಿದ್ಯಾನಿಲಯಗಳು ಕೂಡಿ ಮಾಡಿಕೊಂಡ ಒಪ್ಪಂದವೊಂದರಂತೆ, ಹಣದ ನೆರವಿನೊಡನೆ ಬಂದ ಒಪ್ಪಿಗೆಗೆ ಏಪ್ರಿಲ್ 15ಕ್ಕೆ ಮುಂಚೆಯೇ ಉತ್ತರ ಕೊಡಬೇಕೆಂಬ ನಿರ್ಬಂಧವಿಲ್ಲ. ತಮ್ಮ ಕೈಗೆ ಬಂದ ಪತ್ರವು ಆ ಒಪ್ಪಂದಕ್ಕೆ ಒಳಪಟ್ಟುದೇ ಎಂದು ಕೇಳಿ ಬರೆದು, ಉಳಿದ ಪತ್ರಗಳೂ ಬರುವವರೆಗೆ ಕಾಯಬಹುದು.